ಪಂಪ್ ಹೇಗೆ ಎಳೆಯುತ್ತಾರೆ, ಒಮ್ಮೆ ನೋಡಿ

ನಮ್ಮ ದಾದಿಗೆ ದಮ್ಮು. ಡಾಕ್ಟರ್ ಚೀಟಿಯಲ್ಲಿ ಬರೆದ ಹೆಸರು ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಬರದ ದೀರ್ಘಕಾಲದ ಕಾಯಿಲೆ. ಎರಡು ವರ್ಷಗಳಿಂದ ಅವರು ಇನ್ಹೇಲರ್ ತೆಗೆದುಕೊಳ್ಳುತ್ತಿದ್ದಾರೆ. ಮನೆಯಲ್ಲಿ ಅದಕ್ಕೆ ‘ಪಂಪ್’ ಎಂದೇ ಹೆಸರು. ದಿನಕ್ಕೆ ಎರಡು ಹೊತ್ತು ತಪ್ಪದೆ ತೆಗೆದುಕೊಂಡರೂ ರಾತ್ರಿಯ ಕೆಮ್ಮು ನಿಲ್ಲಲಿಲ್ಲ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಔಷಧಿ ಹತ್ತುತ್ತಿಲ್ಲ ಎಂದು ಎರಡು ಸಲ ಬದಲಾಯಿಸಿದ್ದೂ ಆಯಿತು. ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ನಾಲ್ಕು ದಿನ ಅಡ್ಮಿಟ್ ಮಾಡಬೇಕಾಯಿತು. ಅಲ್ಲಿ ಒಬ್ಬ ನರ್ಸ್, “ಅಮ್ಮಾ, ಮನ್ಯಾಗ ಹೆಂಗ ತಗೋತೀರಿ, ಒಮ್ಮೆ ಮಾಡಿ ತೋರಸ್ರಿ” ಎಂದರು.

ದಾದಿ ಪಂಪನ್ನು ಬಾಯಿಯ ಮುಂದೆ ಹಿಡಿದು, ಟಸ್ ಟಸ್ ಎಂದು ಎರಡು ಸಲ ಒತ್ತಿ, ಬಾಯಿ ಮುಚ್ಚಿ ನುಂಗಿದರು. ಉಸಿರು ಎಳೆಯಲೇ ಇಲ್ಲ.

“ಒಳಗೆ ಹೋದರೆ ಆಯಿತಲ್ಲ ಬೇಟಾ” ಎಂದು ನನ್ನ ಕಡೆ ನೋಡಿದರು. ಪ್ರಥಮ ಪಿಯುಸಿಯಲ್ಲಿ ಉಸಿರಾಟದ ಪಾಠವನ್ನು ಚಿತ್ರ ಸಮೇತ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಆದರೆ ಎರಡು ವರ್ಷದಲ್ಲಿ ಒಂದು ದಿನವೂ ದಾದಿಯ ಪಕ್ಕದಲ್ಲಿ ನಿಂತು ನೋಡಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಆಮೇಲೆ ಓದಿದಾಗ ತಿಳಿಯಿತು, ದಾದಿ ಒಬ್ಬರೇ ಅಲ್ಲ. 1975ರಿಂದ 2014ರವರೆಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಒಂದು ಪರಿಶೀಲನೆ ಪ್ರಕಟವಾಗಿದೆ. ಅದರಲ್ಲಿ 54,000ಕ್ಕೂ ಹೆಚ್ಚು ಜನರ ಲೆಕ್ಕವಿದೆ. ಇನ್ಹೇಲರನ್ನು ಸರಿಯಾಗಿ ಬಳಸಿದವರು ಶೇ. 31 ಮಾತ್ರ. ನನಗೆ ಬೇಸರ ತಂದದ್ದು ಇನ್ನೊಂದು ಮಾತು: ಆ 40 ವರ್ಷಗಳಲ್ಲಿ ಈ ಸ್ಥಿತಿ ಸುಧಾರಿಸಿಯೇ ಇಲ್ಲ.

ನುಂಗಿದರೆ ಯಾಕೆ ಆಗುವುದಿಲ್ಲ? ಸಾಲ್ಬುಟಮಾಲ್ ಎಂಬ ಔಷಧಿಯನ್ನೇ ತೆಗೆದುಕೊಳ್ಳಿ. ಮಾತ್ರೆಯಲ್ಲಿ ಅದು 4 ಮಿಲಿಗ್ರಾಂ ಇರುತ್ತದೆ. ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಅಂದರೆ ಮಾತ್ರೆಯ 40ರಲ್ಲಿ ಒಂದು ಭಾಗ. ಅಷ್ಟು ಕಡಿಮೆ ಔಷಧಿ ಸಾಕಾಗುವುದು ಅದು ನೇರವಾಗಿ ಶ್ವಾಸನಾಳಕ್ಕೆ ಹೋಗಿ ಬಿದ್ದರೆ ಮಾತ್ರ. ಹೊಟ್ಟೆಗೆ ಹೋದರೆ ಅದು ಲೆಕ್ಕಕ್ಕೇ ಇಲ್ಲ. ಸರಿಯಾಗಿ ಎಳೆದವರಲ್ಲೂ ದೊಡ್ಡ ಪಾಲು ಗಂಟಲಿನಲ್ಲೇ ಉಳಿಯುತ್ತದೆ. ಪಂಪಿನಿಂದ ಔಷಧಿ ಬಹಳ ವೇಗವಾಗಿ ಚಿಮ್ಮುತ್ತದೆ, ನಮ್ಮ ಗಂಟಲಾದರೋ ಬಾಯಿಯ ಹಿಂದೆ ತಟ್ಟನೆ ಕೆಳಗೆ ತಿರುಗುತ್ತದೆ. ತಿರುವಿನಲ್ಲಿ ಜೋರಾಗಿ ಬಂದ ಗಾಡಿ ರಸ್ತೆ ಬಿಟ್ಟು ಹೋದಂತೆ ಹನಿಗಳು ಗಂಟಲಿನ ಹಿಂಭಾಗಕ್ಕೆ ಹೊಡೆದು ಅಲ್ಲೇ ಅಂಟುತ್ತವೆ. ಒಳಗೆ ಹೋಗಬೇಕಾದರೆ ಅವುಗಳನ್ನು ನಮ್ಮ ಉಸಿರೇ ನಿಧಾನವಾಗಿ ಕರೆದುಕೊಂಡು ಹೋಗಬೇಕು.

ನರ್ಸ್ ದಾದಿಗೆ ಕಲಿಸಿದ ಕ್ರಮ ಹೀಗಿದೆ. ನೆಟ್ಟಗೆ ಕುಳಿತುಕೊಳ್ಳಬೇಕು. ಮುಚ್ಚಳ ತೆಗೆದು ಪಂಪನ್ನು ಚೆನ್ನಾಗಿ ಅಲುಗಾಡಿಸಬೇಕು. ಮೊದಲು ಉಸಿರನ್ನು ಆದಷ್ಟು ಪೂರ್ತಿ ಹೊರಗೆ ಬಿಡಬೇಕು, ಪಂಪಿನೊಳಗೆ ಅಲ್ಲ. ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯಲು ಬರುವುದಿಲ್ಲವಲ್ಲ. ಆಮೇಲೆ ತುಟಿಗಳಿಂದ ಸಂದಿಲ್ಲದಂತೆ ಪಂಪಿನ ಬಾಯಿಯನ್ನು ಹಿಡಿದು, ನಿಧಾನವಾಗಿ ಉಸಿರು ಎಳೆಯಲು ಆರಂಭಿಸಬೇಕು. ಆರಂಭಿಸಿದ ಕೂಡಲೇ ಒಂದೇ ಸಲ ಒತ್ತಬೇಕು. ಒತ್ತಿದ ಮೇಲೂ ನಾಲ್ಕೈದು ಸೆಕೆಂಡು ಎಳೆಯುತ್ತಲೇ ಇರಬೇಕು. ನಂತರ ಬಾಯಿ ಮುಚ್ಚಿ 10 ಸೆಕೆಂಡು, ಅಥವಾ ಆಗುವಷ್ಟು ಹೊತ್ತು, ಉಸಿರು ಹಿಡಿಯಬೇಕು. ಒಳಗೆ ಹೋದ ಸಣ್ಣ ಹನಿಗಳು ನಾಳದ ಗೋಡೆಯ ಮೇಲೆ ಕುಳಿತುಕೊಳ್ಳಲು ಆ ಸಮಯ ಬೇಕು. ಎರಡನೇ ಒತ್ತು ಇದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು ಮತ್ತೆ ಮೊದಲಿನಿಂದ. ಔಷಧಿಯಲ್ಲಿ ಸ್ಟಿರಾಯ್ಡ್ ಇದ್ದರೆ ಕೊನೆಯಲ್ಲಿ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣಿನಂಥ ಸೋಂಕು ಬರಬಹುದು, ಧ್ವನಿಯೂ ಒಡೆಯಬಹುದು.

ಎಳೆಯುವುದು ಮತ್ತು ಒತ್ತುವುದು ಒಟ್ಟಿಗೆ ಆಗಬೇಕು ಎನ್ನುವುದೇ ವಯಸ್ಸಾದವರಿಗೆ ಕಷ್ಟ. ನಾನೇ ಖಾಲಿ ಪಂಪಿನಲ್ಲಿ ಮಾಡಿ ನೋಡಿದೆ, ಮೂರು ಸಲ ತಪ್ಪಿತು. ಇದಕ್ಕೆ ಸ್ಪೇಸರ್ ಇದೆ. ಅದು ಪಂಪಿಗೂ ಬಾಯಿಗೂ ನಡುವೆ ಹಾಕುವ ಪ್ಲಾಸ್ಟಿಕ್ ಡಬ್ಬಿ. ಔಷಧಿ ಮೊದಲು ಡಬ್ಬಿಗೆ ಬಂದು ಅಲ್ಲಿ ವೇಗ ಕಳೆದುಕೊಳ್ಳುತ್ತದೆ, ಆಮೇಲೆ ಉಸಿರಿನೊಂದಿಗೆ ನಿಧಾನವಾಗಿ ಒಳಗೆ ಹೋಗುತ್ತದೆ. ಸ್ಪೇಸರ್ ಮಕ್ಕಳಿಗೆ ಮಾತ್ರ ಎಂದು ದಾದಿ ನಾಚಿಕೊಂಡಿದ್ದರು. ಹಾಗೇನಿಲ್ಲ. ದಕ್ಷಿಣ ಆಫ್ರಿಕಾದ ವೈದ್ಯರು 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯಿಂದಲೇ ಸ್ಪೇಸರ್ ಮಾಡಿ ಅಸ್ತಮಾ ಇರುವ ಮಕ್ಕಳ ಮೇಲೆ ಪರೀಕ್ಷಿಸಿದರು. ಅದು ಅಂಗಡಿಯ ಸ್ಪೇಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡಿತು ಎಂದು 1999ರಲ್ಲಿ ಪ್ರಕಟಿಸಿದರು. ಆದರೆ ಮನೆಯಲ್ಲಿ ಬಾಟಲಿ ಕತ್ತರಿಸುವ ಮೊದಲು ಡಾಕ್ಟರನ್ನು ಕೇಳಿ.

ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಯ ಇನ್ಹೇಲರ್, ಎಂದರೆ ರೋಟಾಹೇಲರ್‌ನಂಥದ್ದು, ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಪುಡಿಯನ್ನು ತಳ್ಳುವ ಗ್ಯಾಸ್ ಇಲ್ಲ, ನಮ್ಮ ಉಸಿರೇ ಎಬ್ಬಿಸಬೇಕು. ಹಾಗಾಗಿ ಜೋರಾಗಿ, ಆಳವಾಗಿ ಎಳೆಯಬೇಕು. ಎಳೆದ ಮೇಲೆ ತೆರೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಬೇಕು. ಆ ಕ್ಯಾಪ್ಸೂಲನ್ನು ಮಾತ್ರೆ ಎಂದುಕೊಂಡು ನೀರಿನೊಂದಿಗೆ ನುಂಗುವವರೂ ಇದ್ದಾರೆ. ನಗಬೇಡಿ, ಕ್ಯಾಪ್ಸೂಲ್ ಕೊಟ್ಟರೆ ಯಾರಾದರೂ ಮೊದಲು ಮಾಡುವುದು ಅದನ್ನೇ. ಜೋಯಿಡಾದಂಥ ಮಳೆಯ ಊರಿನಲ್ಲಿ ಇನ್ನೊಂದು ತೊಂದರೆ ಇದೆ: ತೇವ ತಗಲಿದರೆ ಪುಡಿ ಗಂಟಾಗುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ತೊಳೆದ ರೋಟಾಹೇಲರ್ ಪೂರ್ತಿ ಒಣಗಿದ ಮೇಲೆಯೇ ಬಳಸಲಿ.

ದಾದಿ ಬೀಡಿ ಮುಟ್ಟಿದವರಲ್ಲ. ಹಾಗಾದರೆ ಈ ಕಾಯಿಲೆ ಎಲ್ಲಿಂದ ಬಂತು? ಎಂಫಿಸೀಮಾಕ್ಕೆ ಸಿಗರೇಟ್ ಒಂದು ಮುಖ್ಯ ಕಾರಣ ಎಂದು ನಮ್ಮ ಪಠ್ಯದಲ್ಲಿದೆ. ಒಲೆಯ ವಿಷಯ ನಾನು ತಿಳಿದದ್ದು ಮೈಸೂರು ಜಿಲ್ಲೆಯ ಹಳ್ಳಿಯ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಿಂದ. ಅವರ ಲೆಕ್ಕ ಸುಲಭ: ದಿನಕ್ಕೆ ಎಷ್ಟು ಗಂಟೆ ಸೌದೆ, ಬೆರಣಿಯ ಒಲೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಬೇಕು. ಬಂದ ಸಂಖ್ಯೆ 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು ಕಫದ ಕಾಯಿಲೆಯ ಅಪಾಯ ಗಣನೀಯವಾಗಿ ಹೆಚ್ಚು. ದಾದಿ ದಿನಕ್ಕೆ 4 ಗಂಟೆಯಂತೆ 40 ವರ್ಷ ಒಲೆ ಊದಿದ್ದಾರೆ. 160. ಹಳಿಯಾಳ, ಮುಂಡಗೋಡ ಕಡೆಯ ನನ್ನ ಗೆಳತಿಯರೂ ತಮ್ಮ ಮನೆಯ ಹಿರಿಯರ ಲೆಕ್ಕ ಹಾಕಿದರು. 60ಕ್ಕಿಂತ ಕಡಿಮೆ ಯಾರದೂ ಬರಲಿಲ್ಲ. ಆದ ಹಾನಿಯನ್ನು ಇನ್ಹೇಲರ್ ಅಳಿಸುವುದಿಲ್ಲ. ಇರುವ ಶ್ವಾಸಕೋಶದಲ್ಲಿ ಉಸಿರಾಡಲು ಅನುಕೂಲ ಮಾಡಿಕೊಡುತ್ತದೆ, ಕಾಯಿಲೆ ಏಕಾಏಕಿ ಉಲ್ಬಣಿಸುವುದನ್ನು ಕಡಿಮೆ ಮಾಡುತ್ತದೆ. ಅದು ಚಟವೂ ಅಲ್ಲ, ಕೊನೆಯ ಹಂತದ ಔಷಧಿಯೂ ಅಲ್ಲ.

ರಮಜಾನ್ ವಿಷಯವನ್ನೂ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಪಂಪ್ ನಿಲ್ಲುವುದು ಹೆಚ್ಚಾಗಿ ಆಗಲೇ. ಇನ್ಹೇಲರಿನಿಂದ ರೋಜಾ ಮುರಿಯುತ್ತದೆಯೇ ಎಂಬುದರಲ್ಲಿ ಉಲಮಾಗಳಲ್ಲಿ ಎರಡು ಅಭಿಪ್ರಾಯಗಳಿವೆ. ಹನಫಿ ಮುಫ್ತಿಗಳಲ್ಲಿ ಅನೇಕರು ಮುರಿಯುತ್ತದೆ ಎನ್ನುತ್ತಾರೆ, ಮುರಿಯುವುದಿಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಅದನ್ನು ತೀರ್ಮಾನಿಸುವಷ್ಟು ದೊಡ್ಡವಳು ನಾನಲ್ಲ. ನಿಮ್ಮ ಮಸೀದಿಯ ಇಮಾಮರನ್ನೂ ಡಾಕ್ಟರನ್ನೂ ರಮಜಾನಿಗೆ ಮೊದಲೇ ಕೇಳಿಕೊಳ್ಳಿ. ದಿನಕ್ಕೆ ಎರಡು ಹೊತ್ತಿನ ಔಷಧಿಯಾದರೆ ಸಹರಿಗೆ ಒಮ್ಮೆ, ಇಫ್ತಾರಿನ ನಂತರ ಒಮ್ಮೆ ಹೊಂದಿಸಬಹುದು. ಆದರೆ ಹಗಲಿನಲ್ಲಿ ಉಸಿರು ಕಟ್ಟಿದರೆ ಕಾಯಬಾರದು, ಕೂಡಲೇ ಪಂಪ್ ಕೊಡಿ. ರೋಗಿಗಳಿಗೆ ರೋಜಾದಲ್ಲಿ ವಿನಾಯಿತಿ ಇರುವುದು ಸೂರಃ ಬಕರಾದಲ್ಲೇ ಇದೆ. ಎರಡು ಮಾತು ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ಉಗುರು ನೀಲಿ, ಮಂಪರು ಇವು ಕಂಡರೆ ಪಂಪ್ ಕೊಟ್ಟು 108ಕ್ಕೆ ಫೋನ್ ಮಾಡಿ.

ಪಂಪ್ ಖಾಲಿಯಾದದ್ದು ಹೇಗೆ ತಿಳಿಯುತ್ತದೆ? ಅಲುಗಾಡಿಸಿ ನೋಡುವುದು, ನೀರಿನಲ್ಲಿ ತೇಲಿಸುವುದು ಯಾವುದೂ ನಂಬುವಂಥದ್ದಲ್ಲ. ಔಷಧಿ ಮುಗಿದ ಮೇಲೂ ಬರೀ ಗ್ಯಾಸ್ ಟಸ್ ಎನ್ನುತ್ತದೆ. ಡಬ್ಬಿಯ ಮೇಲೆ ಎಷ್ಟು ಡೋಸ್ ಎಂದು ಅಚ್ಚಾಗಿರುತ್ತದೆ. ದಾದಿಯದು 200. ದಿನಕ್ಕೆ 4 ಒತ್ತು, 50 ದಿನ. ಶುರು ಮಾಡಿದ ದಿನವನ್ನು ಅಬ್ಬಾ ಈಗ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ.

ಶ್ವಾಸಕೋಶದ ಡಾಕ್ಟರನ್ನು ಕಾಣಲು ದಾಂಡೇಲಿಯಿಂದಾಗಲಿ ಮುಂಡಗೋಡದಿಂದಾಗಲಿ ನಾವು ಹುಬ್ಬಳ್ಳಿ, ಧಾರವಾಡಕ್ಕೆ ಬಸ್ ಹತ್ತುವವರು. ಅದು ಕೆಲವು ತಿಂಗಳಿಗೊಮ್ಮೆ. ಒಮ್ಮೆ ಕಲಿತದ್ದು ಅಷ್ಟರಲ್ಲಿ ಮರೆತುಹೋಗುತ್ತದೆ. ನಡುವೆ ನೋಡಿ ತಿದ್ದಬೇಕಾದವರು ಮನೆಯಲ್ಲಿರುವ ನಾವೇ. “ಸರಿಯಾಗಿ ತಗೋತೀರಾ?” ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ, ನಮ್ಮ ದಾದಿಯೂ ಎಂದಿದ್ದರು. ಮಾಡಿ ತೋರಿಸಿ ಎನ್ನಬೇಕು.

ದಾದಿ ಈಗ ಸ್ಪೇಸರ್ ಹಿಡಿದು ಕುಳಿತರೆ ನಾನು ಎದುರಿಗೆ ಬೆರಳು ಮಡಚುತ್ತಾ ಹತ್ತರವರೆಗೆ ಎಣಿಸುತ್ತೇನೆ. ಏಳಕ್ಕೇ ಉಸಿರು ಬಿಟ್ಟು, “ನೀನು ನಿಧಾನ ಎಣಿಸುತ್ತೀ” ಎಂದು ಬೈಯುತ್ತಾರೆ.