ದಾರಿಯಿಲ್ಲದ ದಾರಿಯ ಸವಾರ

ಆಳಂದ ತಾಲ್ಲೂಕಿನ ಹಿರೋಳ್ಳಿಯ ಕಡೆಗೆ ನೀವು ಹೊಸದಾಗಿ ಹೊರಟಿದ್ದೀರೆಂದು ಭಾವಿಸಿ. ಡಾಂಬರು ರಸ್ತೆ ಬಿಟ್ಟು ಹೊಲದ ದಾರಿ ಹಿಡಿದರೆ ಸುತ್ತಲೂ ಎರೆಭೂಮಿ, ತೊಗರಿಯ ಸಾಲು, ಕೈಮರವಿಲ್ಲ, ಮೈಲಿಗಲ್ಲಿಲ್ಲ. ಎದುರು ಬಂದ ರೈತರನ್ನು ಕೇಳುತ್ತೀರಿ. “ಸೀದಾ ಹೋಗ್ರಿ. ಮುಂದ ಒಂದು ಬೇವಿನ ಗಿಡ ಬರ್ತದ, ಅಲ್ಲಿ ಎಡಕ್ಕ ಹೊಳ್ರಿ. ಹಳ್ಳದಾಗ ಹುಷಾರ್ ರೀ, ಕಲ್ಲು ಭಾಳ ಅವ” ಎನ್ನುತ್ತಾರೆ. ಗುರುತು, ದಿಕ್ಕು, ಎಚ್ಚರಿಕೆ: ದಾರಿಯೆಲ್ಲ ಈ ಮೂರರಲ್ಲಿ ಅಡಗಿದೆ. ಜಗತ್ತಿನ ಅತಿ ಕಠಿಣ ಮೋಟಾರು ಪಂದ್ಯಗಳಲ್ಲೊಂದು ನಡೆಯುವುದೂ ಇದೇ ರೀತಿಯಲ್ಲಿ ಎಂದರೆ ನಿಮಗೆ ಆಶ್ಚರ್ಯವಾದೀತು. ಅದರ ಹೆಸರು ಡಕಾರ್ ರ್ಯಾಲಿ. ಅದನ್ನು ಮೋಟಾರು ಸೈಕಲ್ಲಿನಲ್ಲಿ ಮುಗಿಸಿದ ಮೊದಲ ಭಾರತೀಯರು ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್.

ಮೋಟಾರು ಪಂದ್ಯವೆಂದರೆ ಸುತ್ತುದಾರಿಯ ಓಟವೇ ನಮ್ಮ ಕಣ್ಮುಂದೆ ಬರುತ್ತದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಎರಡೂವರೆ ಮೈಲಿಯ ದಾರಿಯನ್ನು ಚಾಲಕರು 200 ಸಲ ಸುತ್ತಬೇಕು. 1953 ಮತ್ತು 1954ರಲ್ಲಿ ಅಲ್ಲಿ ಗೆದ್ದ ಬಿಲ್ ವುಕೊವಿಚ್, 1955ರಲ್ಲಿ ಎಲ್ಲರಿಗಿಂತ ಮುಂದಿದ್ದಾಗಲೇ ಅಪಘಾತದಲ್ಲಿ ಮಡಿದರು. ಅಲ್ಲಿ ದಾರಿ ತಿಳಿದದ್ದೇ, ವೇಗದ್ದೇ ಪರೀಕ್ಷೆ. ಡಕಾರಿನಲ್ಲಾದರೋ ದಾರಿಯನ್ನು ಕಂಡುಕೊಳ್ಳುವುದೂ ಪರೀಕ್ಷೆಯೇ. 1977ರಲ್ಲಿ ಆಫ್ರಿಕದ ಮರುಭೂಮಿಯಲ್ಲಿ ದಾರಿ ತಪ್ಪಿ, ಬದುಕಿ ಬಂದ ಫ್ರಾನ್ಸಿನ ತಿಯೆರಿ ಸಬೀನ್ ಎಂಬವರು ಇದನ್ನು ಹುಟ್ಟುಹಾಕಿದರು. 1978ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಮೊದಲ ತಂಡ ಹೊರಟಿತು. 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆದ ಪಂದ್ಯ 2020ರಲ್ಲಿ ಸೌದಿ ಅರೇಬಿಯಕ್ಕೆ ಬಂದಿತು.

ಸವಾರನಿಗೆ ದಾರಿ ತೋರುವುದು ‘ರೋಡ್‌ಬುಕ್’. ಸಂತೋಷ್ ಮೊದಲು ಹೋದ ಕಾಲಕ್ಕೆ ಅದು ಕಾಗದದ ಸುರುಳಿ. ಹಿಂದಿನ ಸಂಜೆ ಅದು ಕೈಗೆ ಬಂದೊಡನೆ ಅಪಾಯದ ಜಾಗಗಳಿಗೆ ಬಣ್ಣ ಬಳಿದುಕೊಳ್ಳಬೇಕಿತ್ತು. ಇಷ್ಟು ದೂರಕ್ಕೆ ತಿರುವು, ಇಂಥ ದಿಕ್ಕು ಎಂಬುದನ್ನು ಪುಟ್ಟ ಚಿತ್ರಗಳಲ್ಲಿ ಬರೆದಿರುತ್ತದೆ. ಒಂದು ಆಶ್ಚರ್ಯಚಿಹ್ನೆ ಇದ್ದರೆ ಎಚ್ಚರ, ಮೂರಿದ್ದರೆ ಪ್ರಾಣಾಪಾಯ. ಓಡುವ ವಾಹನದ ಮೇಲೆ ನಿಂತು, ಹೆಬ್ಬೆರಳಿನಿಂದ ಸುರುಳಿ ಸರಿಸುತ್ತ, ಅದನ್ನು ಓದುತ್ತ ಸಾಗಬೇಕಿತ್ತು. ಗಾಯಗೊಂಡ ಸವಾರ ಕಂಡರೆ ನಿಂತು ನೆರವಾಗಬೇಕೆಂಬುದೂ ನಿಯಮ. ಅದಕ್ಕೆ ಹಿಡಿದ ಹೊತ್ತನ್ನು ಆಮೇಲೆ ಲೆಕ್ಕದಿಂದ ಕಳೆಯುತ್ತಾರೆ.

ಮೋಟೊಕ್ರಾಸ್ ಎಂಬ ಮಣ್ಣುದಾರಿಯ ಪಂದ್ಯಗಳಲ್ಲಿ ಪಳಗಿದ ಸಂತೋಷ್, ಹಿಮಾಲಯದ ರ್ಯಾಲಿಯಲ್ಲಿ ಗೆದ್ದು, ಬಳಿಕ ಮರಳುಗಾಡಿನ ಕಡೆಗೆ ತಿರುಗಿದರು. 2013ರಲ್ಲಿ ಅಬುಧಾಬಿಯ ಪಂದ್ಯದಲ್ಲಿ ವಾಹನಕ್ಕೆ ಬೆಂಕಿ ಹತ್ತಿ ಸುಟ್ಟಗಾಯಗಳಾದವು. ಆದರೂ ಹಿಂದೆಗೆಯಲಿಲ್ಲ. 2015ರ ಜನವರಿಯಲ್ಲಿ ಬ್ಯೂನಸ್ ಐರಿಸ್‌ನಿಂದ ಹೊರಟು ಅರ್ಜೆಂಟೀನ, ಚಿಲಿ, ಬೊಲಿವಿಯಗಳಲ್ಲಿ ಸುಮಾರು 9,000 ಕಿಲೋಮೀಟರು ಸಾಗಿದರು. ಸಮುದ್ರಮಟ್ಟದಿಂದ 3,600 ಮೀಟರಿಗೂ ಎತ್ತರದಲ್ಲಿರುವ ಉಯುನಿಯ ಉಪ್ಪಿನ ಬಯಲಿನಲ್ಲಿ ಮಳೆನೀರು ನಿಂತಿತ್ತು. ಆ ಉಪ್ಪುನೀರು ಸಿಡಿದು ಹಲವರ ಯಂತ್ರಗಳು ಕೆಟ್ಟವು. ಸಂತೋಷ್ ಕೊನೆ ಮುಟ್ಟಿದರು. ಅವರ ಸ್ಥಾನ 36ನೆಯದು.

ಮೂವತ್ತಾರನೆಯ ಸ್ಥಾನಕ್ಕೆ ಇಷ್ಟು ಮಾತೇಕೆ ಎಂದು ನೀವು ಕೇಳಬಹುದು. ಮುಂದಿನ ವರ್ಷಗಳೇ ಅದಕ್ಕೆ ಉತ್ತರ. 2016ರಲ್ಲಿ ಅವರಿಗೆ ಪಂದ್ಯ ಮುಗಿಸಲಾಗಲಿಲ್ಲ. ಹೀರೊ ತಂಡ ಸೇರಿ 2017ರಲ್ಲಿ 47ನೆಯವರಾಗಿಯೂ 2018ರಲ್ಲಿ 34ನೆಯವರಾಗಿಯೂ ಗುರಿ ತಲುಪಿದರು; 2019ರಲ್ಲಿ ಬಿದ್ದು ಹೊರಬಂದರು. 2020ರ ಜನವರಿ 12ರಂದು ಅದೇ ತಂಡದ ಪೋರ್ಚುಗಲ್ಲಿನ ಪಾವ್ಲೊ ಗೊನ್ಸಾಲ್ವಿಸ್ ಬಿದ್ದು ತೀರಿಕೊಂಡರು. ತಂಡವೇ ಪಂದ್ಯದಿಂದ ಹಿಂದೆಗೆಯಿತು. ಮರುವರ್ಷ ಜನವರಿ 6ರಂದು ರಿಯಾದಿನ ದಾರಿಯಲ್ಲಿ ಸಂತೋಷ್ ಅವರೇ ಬಿದ್ದರು. ತಲೆಗೆ ಪೆಟ್ಟಾಗಿತ್ತು. ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದ ಮೇಲೆ ವೈದ್ಯರು ಔಷಧದಿಂದ ಅವರನ್ನು ಪ್ರಜ್ಞಾಹೀನ ಸ್ಥಿತಿಯಲ್ಲಿಟ್ಟು ಚಿಕಿತ್ಸೆ ಮಾಡಿದರು. ಕ್ರಮೇಣ ಚೇತರಿಸಿಕೊಂಡು ಸ್ವದೇಶಕ್ಕೆ ಮರಳಿದರು.

ಮಗನು ಮೋಟಾರು ಸೈಕಲ್ಲು ಬೇಕೆಂದು ಹಟ ಹಿಡಿದಿರುವ ಮನೆಯ ತಾಯಿತಂದೆಗಳಿಗೆ ಈ ಕಥೆ ದಿಗಿಲು ಹುಟ್ಟಿಸಿದರೆ ತಪ್ಪಲ್ಲ. ಆದರೆ ಇದರಲ್ಲಿ ಬೇರೊಂದು ಪಾಠವೂ ಇದೆ. ಇಲ್ಲಿ ಬರಿಯ ವೇಗವನ್ನು ನಂಬಿದವನಿಗೆ ಉಳಿವಿಲ್ಲ. ಎಚ್ಚರಿಕೆಯ ಗುರುತು ಕಂಡಾಗ ಕೈ ಬಿಗಿಹಿಡಿಯುವವನಿಗೇ ಮರುದಿನದ ಪಯಣ. ಅಷ್ಟು ಬಲ್ಲವನಿಗೂ ಒಂದು ಕ್ಷಣ ಮೋಸವಾಗಬಹುದು ಎಂಬುದನ್ನೂ ಸಂತೋಷರ ಬದುಕು ಮುಚ್ಚಿಡದೆ ಹೇಳುತ್ತದೆ. ಹುಂಬತನವನ್ನು ಹದಕ್ಕೆ ತರಲು ಕಲಿಕೆಯೇ ಬೇಕು. ಕೋಲಾರದ ಬಳಿ ಮಣ್ಣುದಾರಿಯ ಸವಾರಿ ಕಲಿಸುವ ಶಾಲೆಯೊಂದನ್ನು ಅವರು ಕಟ್ಟಿದ್ದು ಈ ದೃಷ್ಟಿಯಿಂದ ಮೆಚ್ಚತಕ್ಕದ್ದು.

2024ರಲ್ಲಿ ಕೇರಳದ ಹರಿತ್ ನೋಹ ಅದೇ ಡಕಾರಿನಲ್ಲಿ 11ನೆಯ ಸ್ಥಾನ ಪಡೆದರು. ಮೊದಲು ಹೋದವನು ಬಿಟ್ಟ ಗಾಲಿಯ ಗುರುತನ್ನು ಮರಳು ಬೇಗನೆ ಮುಚ್ಚುತ್ತದೆ. ಆದರೂ ಅವನ ಹಿಂದೆ ಹೊರಡುವವರಿಗೆ, ಈ ದಾರಿಯಲ್ಲಿ ನಮ್ಮವರೊಬ್ಬರು ಹೋಗಿ ಮುಟ್ಟಿದ್ದಾರೆಂಬ ಧೈರ್ಯ ಉಳಿಯುತ್ತದೆ.