ಮಂಡಿ ಆಪರೇಷನ್ ಆದವರಿಗೆ ಸೊಂಟದೆತ್ತರದ ತೋಟ

ಮಂಡಿ ಚಿಪ್ಪು ಬದಲಿಸಿಕೊಂಡ ಅಪ್ಪ-ಅಮ್ಮನಿಗೆ 'ಇನ್ನು ತೋಟಕ್ಕೆ ಬರಬೇಡಿ' ಅನ್ನೋದು ಸುಲಭ. ಆದರೆ ಜೀವಮಾನವಿಡೀ ಮಣ್ಣಲ್ಲಿ ದುಡಿದ ಕೈ ಸುಮ್ನೆ ಕೂರಲ್ಲ. ನಮ್ಮಮ್ಮನೂ ಕೂರಲಿಲ್ಲ. ಹೊಸ ಮಂಡಿಗೆ ನಡಿಗೆ ಒಳ್ಳೇದೇ. ತೊಂದರೆ ಇರೋದು ಕುಕ್ಕರಗಾಲಲ್ಲಿ ಕೂತು ಕಳೆ ಕೀಳೋದ್ರಲ್ಲಿ, ಕೆಸರಲ್ಲಿ ಜಾರಿ ಬೀಳೋದ್ರಲ್ಲಿ. ಅದಕ್ಕೇ ಅಮ್ಮನನ್ನು ತಡೆಯದೆ ತೋಟವನ್ನೇ ಮೇಲೆತ್ತಿದೆ.

ಇಟ್ಟಿಗೆ ಕಟ್ಟಿ 2.5 ಅಡಿ ಎತ್ತರದ ಮಡಿ ಮಾಡಿ. ಅಗಲ 4 ಅಡಿ ದಾಟದಿರಲಿ, ಎರಡೂ ಕಡೆಯಿಂದ ಕೈ ಎಟುಕಬೇಕು. ನೀರು ಬಸಿಯಲು ಬುಡದಲ್ಲಿ ತೂತು ಬಿಡಿ. ತಳಕ್ಕೆ ಒಣ ರೆಂಬೆ, ತೆಂಗಿನ ಸಿಪ್ಪೆ. ಮೇಲಿನ 1 ಅಡಿಗೆ ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ. ಸೊಪ್ಪಿಗೆ ಅಷ್ಟು ಸಾಕು. ಹೀರೆ, ಹಾಗಲವನ್ನು ನೆಟ್ಟಗೆ ಬಲೆಗೆ ಹಬ್ಬಿಸಿದರೆ ನಿಂತೇ ಕೀಳಬಹುದು. ನೆಲದ ಮಡಿಯ ಮೂಲಂಗಿ ಕೀಳೋದು ನಮ್ಮ ಪಾಲಿಗಿರಲಿ. ಡ್ರಿಪ್ ಹಾಕಿದರೆ ಕೊಡ ಹೊರೋದು ತಪ್ಪುತ್ತೆ. ಓಡಾಡುವ ದಾರಿ ಒಣಗಿರಲಿ, ಪೈಪ್ ಅಡ್ಡ ಬಿಡಬೇಡಿ.

ಗಾಯ ಪೂರ್ತಿ ಮಾಯುವವರೆಗೆ ಮಣ್ಣು-ಗೊಬ್ಬರ ಮುಟ್ಟೋದು ಬೇಡ. ಯಾವಾಗ ಶುರು ಮಾಡಬೇಕು ಅನ್ನೋದನ್ನ ಆಪರೇಷನ್ ಮಾಡಿದ ಡಾಕ್ಟರೇ ಹೇಳಲಿ. ಮೊದಮೊದಲು 15 ನಿಮಿಷ ಸಾಕು. ಊತ ಹೆಚ್ಚಾದರೆ ಅವತ್ತಿನ ಕೆಲಸ ಬಂದ್. ಜ್ವರ ಬಂದರೆ, ಗಾಯ ಸೋರಿದರೆ, ಮೀನಖಂಡ ಊದಿ ನೋವಾದರೆ ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.