1910ರಲ್ಲಿ ಏನೂ ಕಡಿದುಹೋಗಲಿಲ್ಲ

ವಿಕ್ಟೋರಿಯಾ ರಾಣಿಯ ಕಾಲದ ಕಲೆ, ಸಾಹಿತ್ಯವೆಲ್ಲ ಮಡಿವಂತಿಕೆ ಮತ್ತು ನೀತಿಬೋಧೆ. ಎಲಿಯಟ್, ಪೌಂಡ್, ವರ್ಜೀನಿಯಾ ವುಲ್ಫ್ ಬಂದು ಅದನ್ನು ಗುಡಿಸಿಹಾಕಿ, ಬರಿನೆಲದ ಮೇಲೆ ಮಾಡರ್ನಿಸಂ ಕಟ್ಟಿದರು. ಈ ಮಾತು ಪರೀಕ್ಷೆಯ ಗೈಡುಗಳಲ್ಲಿದೆ, ತರಗತಿಯ ಟಿಪ್ಪಣಿಗಳಲ್ಲಿದೆ, ಓದಿಕೊಂಡವರ ಭಾಷಣಗಳಲ್ಲೂ ಇದೆ. ಇಷ್ಟು ಸುಲಭವಾಗಿ ಸುಳ್ಳೆಂದು ತೋರಿಸಬಹುದಾದ ಮಾತು ಇಷ್ಟು ಕಾಲ ಬಾಳಿರುವುದು ನನಗೆ ಸಹಿಸಲಾಗದ ಸಂಗತಿ.

ಇದನ್ನು ನಂಬಿದವರು ಮೊದಲು ಕರೆತರುವ ಸಾಕ್ಷಿ ವುಲ್ಫ್. 1924ರ ಪ್ರಬಂಧವೊಂದರಲ್ಲಿ ಆಕೆ ಮನುಷ್ಯ ಸ್ವಭಾವದ ಬದಲಾವಣೆಗೆ 1910ರ ಡಿಸೆಂಬರನ್ನು ಗುರುತಾಗಿ ಹಾಕಿದ್ದು ನಿಜ. ಆದರೆ ಪ್ರಬಂಧವನ್ನು ಪೂರ್ತಿ ಓದಿ. ಅಲ್ಲಿ ಆಕೆ ಜಗಳಕ್ಕೆ ನಿಲ್ಲುವುದು ಬೆನೆಟ್, ವೆಲ್ಸ್, ಗಾಲ್ಸ್‌ವರ್ದಿ ಎದುರು. ಮೂವರೂ ಆಕೆ ಎಡ್ವರ್ಡನ ಕಾಲದವರೆಂದು ಕರೆದವರು, ಆಗಿನ್ನೂ ಬರೆಯುತ್ತಿದ್ದವರು. ಜೀವಂತ ಪಾತ್ರಗಳಿರುವ ಕಾದಂಬರಿಗಳೆಂದು ಆಕೆ ಕೊಡುವ ಪಟ್ಟಿಯಲ್ಲಿ ಥ್ಯಾಕರೆಯ ‘ವ್ಯಾನಿಟಿ ಫೇರ್’ ಇದೆ, ಶಾರ್ಲಟ್ ಬ್ರಾಂಟೆಯ ‘ವಿಲೆಟ್’ ಇದೆ. ಇನ್ನು 1910 ಎಂಬ ವರ್ಷ. ಆ ಚಳಿಗಾಲದಲ್ಲಿ ರೋಜರ್ ಫ್ರೈ ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ಸೆಜಾನ್, ಗೋಗ್ಯಾ, ವ್ಯಾನ್ ಗೋ ಚಿತ್ರಗಳ ಪ್ರದರ್ಶನ ಏರ್ಪಡಿಸಿ ಊರನ್ನೇ ಕೆರಳಿಸಿದ್ದ. ಅದೇ ಫ್ರೈ 1926ರಲ್ಲಿ ವುಲ್ಫ್ ಜತೆ ಸೇರಿ ಒಂದು ಪುಸ್ತಕಕ್ಕೆ ಮುನ್ನುಡಿ ಬರೆದ. ಯಾರ ಪುಸ್ತಕ? ಟೆನಿಸನ್, ಡಾರ್ವಿನ್, ಕಾರ್ಲೈಲ್ ಮುಖಗಳನ್ನು ಸೆರೆಹಿಡಿದ ವಿಕ್ಟೋರಿಯನ್ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್‌ಳದು. ಆಕೆ ವುಲ್ಫ್‌ಳ ತಾಯಿಗೆ ದೊಡ್ಡಮ್ಮ. ಪುಸ್ತಕ ಪ್ರಕಟಿಸಿದ್ದು ವುಲ್ಫ್ ದಂಪತಿಯ ಹೋಗಾರ್ತ್ ಪ್ರೆಸ್. ಬೇರು ಕಿತ್ತೊಗೆದವರು ಮಾಡುವ ಕೆಲಸವೇ ಇದು?

ಎಲಿಯಟ್‌ನ ‘ದ ವೇಸ್ಟ್ ಲ್ಯಾಂಡ್’ 1922ರಲ್ಲಿ ಬಂತು. ಅದರ ಕರಡು 1971ರಲ್ಲಿ ಅಚ್ಚಾದಾಗ ಮೊದಲ ಪುಟದಲ್ಲಿ ಕಂಡ ಶೀರ್ಷಿಕೆ ಡಿಕನ್ಸ್‌ನದು. ‘ಅವರ್ ಮ್ಯೂಚುವಲ್ ಫ್ರೆಂಡ್’ ಕಾದಂಬರಿಯಲ್ಲಿ ಸ್ಲಾಪಿ ಎಂಬ ಅನಾಥ ಹುಡುಗ ಪೊಲೀಸ್ ವರದಿಗಳನ್ನು ಬಗೆಬಗೆಯ ದನಿಯಲ್ಲಿ ಓದುತ್ತಾನೆ. ಅವನನ್ನು ಮುದುಕಿಯೊಬ್ಬಳು ಹೊಗಳುವ ಮಾತು ಅದು. ಆ ಕಾದಂಬರಿ ತೊಡಗುವುದೇ ಥೇಮ್ಸ್ ನದಿಯಲ್ಲಿ ಹೆಣ ಅರಸುವ ದೋಣಿಯಿಂದ. ಹೊಲಸು ನದಿ, ಕಸದ ರಾಶಿ, ಹಲವು ದನಿಗಳಲ್ಲಿ ಮಾತಾಡುವ ನಗರ: ಎಲಿಯಟ್‌ಗೆ ಬೇಕಾದ ಲಂಡನ್ 1865ರ ಹೊತ್ತಿಗೇ ಸಿದ್ಧವಾಗಿತ್ತು.

ಎಲಿಯಟ್‌ನ ಇನ್ನೊಂದು ಕವಿತೆ ‘ಪ್ರೂಫ್ರಾಕ್’ ಕೂಡ ಹಾಗೆಯೇ. ಪಾತ್ರವೊಂದು ತಾನೇ ಮಾತಾಡುತ್ತ, ತಾನು ಮುಚ್ಚಿಡಬೇಕೆಂದದ್ದನ್ನೇ ಬಯಲಿಗಿಡುವ ನಾಟಕೀಯ ಸ್ವಗತವನ್ನು ಬ್ರೌನಿಂಗ್ 1842ರ ‘ಮೈ ಲಾಸ್ಟ್ ಡಚೆಸ್’ನಲ್ಲೇ ಪಳಗಿಸಿದ್ದ. ಪೌಂಡ್ ಈ ಋಣವನ್ನು ಮುಚ್ಚಿಡಲೂ ಇಲ್ಲ. ‘ಕ್ಯಾಂಟೋಸ್’ನ ಎರಡನೆಯ ಭಾಗ ಬ್ರೌನಿಂಗ್‌ನನ್ನು ಹೆಸರು ಹಿಡಿದು ಕೂಗಿಕೊಂಡೇ ಆರಂಭವಾಗುತ್ತದೆ. 1936ರಲ್ಲಿ ಯೇಟ್ಸ್ ಆಧುನಿಕ ಕಾವ್ಯದ ಆಕ್ಸ್‌ಫರ್ಡ್ ಸಂಕಲನ ಸಂಪಾದಿಸಿದಾಗ ಮೊದಲ ‘ಕವಿತೆ’ಯಾಗಿ ಇಟ್ಟದ್ದು ವಾಲ್ಟರ್ ಪೇಟರ್ ಮೊನಾಲಿಸಾ ಬಗ್ಗೆ ಬರೆದ ಗದ್ಯವನ್ನು, ಸಾಲು ಮುರಿದು. ಆ ಗದ್ಯವಿದ್ದ ಪುಸ್ತಕ ಬಂದದ್ದು 1873ರಲ್ಲಿ.

ಚಿತ್ರಕಲೆಯ ಕಡೆ ಬನ್ನಿ. ಕಲೆ ವಸ್ತುವನ್ನು ಹೋಲಬೇಕೇ, ಬಣ್ಣ ಮತ್ತು ವಿನ್ಯಾಸವಷ್ಟೇ ಸಾಲದೇ ಎಂಬ ಪ್ರಶ್ನೆ 1878ರಲ್ಲಿ ಲಂಡನ್ನಿನ ನ್ಯಾಯಾಲಯ ಹತ್ತಿತ್ತು. ಕತ್ತಲಲ್ಲಿ ಉದುರುವ ಬಾಣಬಿರುಸಿನ ಕಿಡಿಗಳನ್ನು ಚಿತ್ರಕಾರ ವಿಸ್ಲರ್ ಬರೆದಿದ್ದ. ವಿಮರ್ಶಕ ರಸ್ಕಿನ್ ಅದನ್ನು ಕಟುವಾಗಿ ಜರೆದಿದ್ದ. ವಿಸ್ಲರ್ ಮಾನನಷ್ಟ ಮೊಕದ್ದಮೆ ಗೆದ್ದ, ಪರಿಹಾರ ಒಂದೇ ಒಂದು ಫಾರ್ದಿಂಗ್, ಮರುವರ್ಷ ದಿವಾಳಿಯಾದ. ವಿಕ್ಟೋರಿಯನ್ನರು ತಮ್ಮತಮ್ಮಲ್ಲೇ ಆಡಿ ಮುಗಿಸಿದ ಜಗಳವನ್ನು ಇಪ್ಪತ್ತನೆಯ ಶತಮಾನದ ಶೋಧವೆಂದು ಹೇಳುವುದು ಅನ್ಯಾಯ.

ಈ ಕಾಲದ ಬಗೆಗಿನ ಉಳಿದ ತಪ್ಪು ನಂಬಿಕೆಗಳು ಚಿಲ್ಲರೆ. ಪ್ರಜ್ಞಾಪ್ರವಾಹದ ತಂತ್ರ ಜಾಯ್ಸ್ ಕಂಡುಹಿಡಿದದ್ದಲ್ಲ. ಫ್ರೆಂಚ್ ಲೇಖಕ ದುಜಾರ್ದ್ಯಾಂಗೆ ತಾನು ಋಣಿ ಎಂದು ಅವನೇ ಹೇಳಿಕೊಂಡಿದ್ದ. ಡಿಕನ್ಸ್‌ಗೆ ಪದಕ್ಕಿಷ್ಟು ಎಂದು ಯಾರೂ ದುಡ್ಡು ಕೊಡಲಿಲ್ಲ, ಅವನು ಬರೆದದ್ದು ನಿಗದಿತ ಪುಟಗಳ ಕಂತುಗಳಿಗೆ. ವಿಕ್ಟೋರಿಯನ್ನರು ಮಡಿವಂತಿಕೆಯಿಂದ ಪಿಯಾನೊ ಕಾಲಿಗೂ ಬಟ್ಟೆ ತೊಡಿಸುತ್ತಿದ್ದರೆಂಬ ಕಥೆ 1839ರಲ್ಲಿ ಇಂಗ್ಲಿಷ್ ಲೇಖಕ ಮ್ಯಾರಿಯಟ್ ಅಮೆರಿಕನ್ನರ ಮೇಲೆ ಹೊರಿಸಿದ್ದು.

ಕಡಿದುಕೊಂಡ ಕಥೆ ಹುಟ್ಟಿದ್ದು ಏಕೆಂದು ನನಗೆ ಅರ್ಥವಾಗುತ್ತದೆ. ಮಹಾಯುದ್ಧದ ಹೆಣಗಳ ನಡುವೆ, 1918ರಲ್ಲಿ, ಲಿಟ್ಟನ್ ಸ್ಟ್ರೇಚಿ ‘ಎಮಿನೆಂಟ್ ವಿಕ್ಟೋರಿಯನ್ಸ್’ ಬರೆದು ಹಿರಿಯರ ಮುಖವಾಡ ಕಳಚಿದ. ಆ ಸಿಟ್ಟು ನಿಜವಾದದ್ದು. ಆದರೆ ಮಕ್ಕಳ ಸಿಟ್ಟು ಮನೆತನದ ಚರಿತ್ರೆಯಲ್ಲ. ಹೊಸಬರು ತಮಗೆ ಜಾಗ ಮಾಡಿಕೊಳ್ಳಲು ಕೂಗಿದ್ದನ್ನು ನಾವು ನೂರು ವರ್ಷದಿಂದ ಪರಿಶೀಲಿಸದೆ ನಕಲು ಮಾಡುತ್ತಿದ್ದೇವೆ. ಕನ್ನಡದಲ್ಲೂ ಇದೇ ರೋಗ: ನವ್ಯ ನವೋದಯವನ್ನು ತುಂಡರಿಸಿತು ಎನ್ನುತ್ತೇವೆ, ‘ಚಂಡೆಮದ್ದಳೆ’ಯ ಅಡಿಗರೇ ‘ಭಾವತರಂಗ’ವನ್ನೂ ಬರೆದವರೆಂಬುದನ್ನು ಮರೆತು. ಕವಿ ತನ್ನ ಬಗ್ಗೆ ಹೇಳಿಕೊಂಡದ್ದನ್ನು ನಂಬುವ ಮೊದಲು ಅವನ ಕವಿತೆಯನ್ನು ಕೇಳಬೇಕು. ಬ್ರೌನಿಂಗ್‌ನನ್ನೂ ಎಲಿಯಟ್‌ನನ್ನೂ ಒಂದೇ ಸಂಜೆ ಅಕ್ಕಪಕ್ಕ ಇಟ್ಟು ಓದಿ. ಗೈಡು ಹೇಳಿದ ಬಿರುಕು ಎಲ್ಲಿದೆ ಎಂದು ನೀವೇ ಹುಡುಕಿ.